ಶಾಕ್ ಬದಲಿಸಿದರೆ ಕುಲುಕಾಟ ನಿಂತೀತೇ?

ಪ್ರಶ್ನೆ: ಹಾನಗಲ್–ಸವಣೂರು ಓಡಾಟದಲ್ಲಿ ಹಳೆಯ ಆಲ್ಟೊ ಮೈಕೈ ನೋಯಿಸುತ್ತದೆ. ಗ್ಯಾಸ್ ಶಾಕ್ ಹಾಕಿಸಿದರೆ ಸರಿಹೋದೀತೇ?

ಉತ್ತರ: ಕಾರಿನ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅದರ ಕುಣಿತಕ್ಕೆ ಹಾಕಿದ ಲಗಾಮು. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಶಾಖವಾಗುತ್ತದೆ. ಒಂದರ ಹಿಂದೊಂದು ಗುಂಡಿ ಬಂದಾಗ ಎಣ್ಣೆ ನೊರೆಗಟ್ಟದಿರಲೆಂದೇ ಗ್ಯಾಸ್ ಶಾಕಿನಲ್ಲಿ ನೈಟ್ರೋಜನ್ ತುಂಬುತ್ತಾರೆ. ಅದರಿಂದ ಹೆಚ್ಚುವುದು ಹಿಡಿತ. ಮೆತ್ತನೆಯ ಸವಾರಿಯ ಭರವಸೆ ಇಲ್ಲ. ಕೆಲವು ಇನ್ನಷ್ಟು ಬಿರುಸೇ!

ಶಿಗ್ಗಾಂವಿ ಬಳಿಯ ರಾಷ್ಟ್ರೀಯ ಹೆದ್ದಾರಿ 48ರ ವೇಗಕ್ಕೆ ಅದು ಹಿತ. ಆದರೆ ಎರೆಭೂಮಿ ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಮೇಲಿನ ಡಾಂಬರು ಅಲೆಯೆದ್ದ ಕಡೆ ಕಂಪನಿಯ ಮೂಲ ಶಾಕೇ ವಾಸಿ.

ಮೊದಲು ಟೈರಿನ ಗಾಳಿ ನೋಡಬೇಕು. ಶಾಕಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ, ಹಿರೇಕೆರೂರು ದಾರಿಯ ಹಂಪ್ ದಾಟಿದ ಮೇಲೂ ಕಾರು ತೂಗಾಡುತ್ತಿದ್ದರೆ ಅದರ ಆಯುಷ್ಯ ತೀರಿತೆಂದೇ ಲೆಕ್ಕ. ಎಡ–ಬಲ ಜೋಡಿಯಾಗಿಯೇ ಬದಲಿಸಬೇಕು. ಮುಂದಿನವನ್ನು ಬಿಚ್ಚಿದಾಗ ಮೌಂಟ್ ರಬ್ಬರು, ಆಮೇಲೆ ವೀಲ್ ಅಲೈನ್‌ಮೆಂಟು ಮರೆಯುವಂತಿಲ್ಲ.