ತೆರಿಗೆಯ ಹಣವೂ ನಾಲೆಯ ನೀರೂ

ತೆರಿಗೆಯೆಂಬ ಶಬ್ದವು ಕಿವಿಗೆ ಬಿದ್ದೊಡನೆ ಪ್ರಜೆಗಳ ಹುಬ್ಬು ಗಂಟಿಕ್ಕುವುದು ಸಹಜವೇ ಸರಿ. ತೆರಿಗೆಯನ್ನು ಇಳಿಸಿದರೆ ದೇಶವು ತಾನಾಗಿಯೇ ಏಳಿಗೆಗೆ ಬರುವುದೆಂದು ಒಂದು ಪಕ್ಷದವರು ಹೇಳುತ್ತಾರೆ. ಸರ್ಕಾರವು ಧಾರಾಳವಾಗಿ ವೆಚ್ಚಮಾಡಿದರೆ ಮಾತ್ರ ಏಳಿಗೆಯೆಂದು ಮತ್ತೊಂದು ಪಕ್ಷದವರು ವಾದಿಸುತ್ತಾರೆ. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವುಂಟು. ಉಳಿದರ್ಧವನ್ನು ಕಾಣಬೇಕಾದರೆ ವಾಚಕ ಮಹಾಶಯರು ಪಾಂಡವಪುರದ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಒಮ್ಮೆ ನಡೆದು ನೋಡಬೇಕು.

1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಲಾರಂಭಿಸಿತು. ಬೇಸಗೆಯಲ್ಲಿ ಹೊಳೆ ಬತ್ತಿದರೆ ಆ ಶಕ್ತಿಯೂ ಕುಗ್ಗುತ್ತಿತ್ತು. ನೀರನ್ನು ಕೂಡಿಡಬೇಕು, ಕೂಡಿಟ್ಟ ನೀರಿನಿಂದ ಹೊಲಗಳನ್ನೂ ತೋಯಿಸಬೇಕು ಎಂಬ ಎರಡು ಉದ್ದೇಶಗಳಿಂದ ಕಣ್ಣಂಬಾಡಿಯ ಕಟ್ಟೆಯ ಯೋಜನೆಯು ಹುಟ್ಟಿತು. ಆಗ ಮುಖ್ಯ ಎಂಜಿನಿಯರಾಗಿದ್ದ ಶ್ರೀ ಎಂ. ವಿಶ್ವೇಶ್ವರಯ್ಯನವರ ಯೋಜನೆಗೆ ಹಣಕಾಸಿನ ಅಧಿಕಾರಿಗಳು ಹಿಂದೆಮುಂದೆ ನೋಡಿದರೂ, 1911ರಲ್ಲಿ ಶ್ರೀ ಕೃಷ್ಣರಾಜ ಒಡೆಯರವರು 81 ಲಕ್ಷ ರೂಪಾಯಿಗಳನ್ನು ಮಂಜೂರು ಮಾಡಿದರು. ಸಣ್ಣ ಸಂಸ್ಥಾನಕ್ಕೆ ಅದು ಅಲ್ಪವಾದ ಹೊರೆಯಾಗಿರಲಿಲ್ಲ.

ಇದರ ಪಕ್ಕದಲ್ಲಿ ಮತ್ತೊಂದು ಲೆಕ್ಕವನ್ನಿಟ್ಟು ನೋಡೋಣ. ಅದೇ ಕಾಲದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಸರ್ಕಾರಕ್ಕೆ ವರ್ಷಕ್ಕೆ 35 ಲಕ್ಷ ರೂಪಾಯಿಗಳ ಪೊಗದಿಯನ್ನು ಸಲ್ಲಿಸುತ್ತಿತ್ತು. 1928ರಿಂದ ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟ ಮೇಲೆಯೂ ಇಪ್ಪತ್ತನಾಲ್ಕೂವರೆ ಲಕ್ಷ ಉಳಿಯಿತು. ಕಟ್ಟೆಗೆ ಮಂಜೂರಾದ 81 ಲಕ್ಷವು 35 ಲಕ್ಷದಂತೆ ಎರಡೂವರೆ ವರ್ಷದ ಪೊಗದಿಗೂ ಕಡಿಮೆ! ಎರಡು ಮೊತ್ತಗಳೂ ಒಂದೇ ಬೊಕ್ಕಸದಿಂದ ಹೊರಟವು. ಎರಡನ್ನೂ ತುಂಬಿದವನು ಅದೇ ರೈತ. ಒಂದು ಹೋದ ದಾರಿಯಲ್ಲಿ ಹಿಂದಿರುಗಲಿಲ್ಲ. ಮತ್ತೊಂದು ನೀರಾಗಿ, ಬೆಳಕಾಗಿ ಹಿಂದಿರುಗಿತು. ತೆರಿಗೆಯ ಭಾರವನ್ನು ಮೊತ್ತದಿಂದ ಮಾತ್ರ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಕಟ್ಟೆಯ ಹಣ ಹೇಗೆ ಹಿಂದಿರುಗಿತೆಂಬುದೂ ವಿಚಾರಾರ್ಹವಾಗಿದೆ. ಮಳೆಯನ್ನೇ ನಂಬಿ ರಾಗಿ ಬಿತ್ತುತ್ತಿದ್ದ ನೆಲದಲ್ಲಿ ಭತ್ತವೂ ಕಬ್ಬೂ ಬೆಳೆದವು. ಕಬ್ಬು ಬಂದುದರಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವೇ ಪ್ರತ್ಯೇಕ ಜಿಲ್ಲೆಯಾಯಿತು. ಗಾಡಿಯವನು, ಆಲೆಮನೆಯವನು, ಕಮ್ಮಾರ, ಅಂಗಡಿಯವನು ಎಲ್ಲರ ಕೈಯಲ್ಲಿಯೂ ಕಾಸು ಆಡಿತು. ತೆರುವವನ ಸಂಪಾದನೆಯೇ ಬೆಳೆದುದರಿಂದ ಬೊಕ್ಕಸವೂ ತುಂಬಿತು. ದರವನ್ನು ಏರಿಸದೆಯೇ ಆದಾಯವು ಏರುವ ಮಾರ್ಗ ಇದೊಂದೇ.

ಹಾಗೆಂದು ಸರ್ಕಾರದ ವೆಚ್ಚವೆಲ್ಲವೂ ಹಿತವೆಂದಲ್ಲ. ರೈತನಿಂದ ಪಡೆದ ಒಂದು ರೂಪಾಯಿ ಅವನ ಬಳಿಯಲ್ಲಿಯೇ ಇದ್ದಿದ್ದರೆ ಎತ್ತಿಗೆ ಹಿಂಡಿಯಾಗುತ್ತಿತ್ತು, ಬಾವಿಗೆ ಕಲ್ಲಾಗುತ್ತಿತ್ತು, ಮಗನ ಶಾಲೆಗೆ ಪುಸ್ತಕವಾಗುತ್ತಿತ್ತು. ಅದಕ್ಕಿಂತ ಮಿಗಿಲಾದ ಪ್ರಯೋಜನವನ್ನು ಸಾಧಿಸಬಲ್ಲೆನೆಂದು ತೋರಿಸುವ ಹೊಣೆಯು ವಸೂಲು ಮಾಡುವವನ ಮೇಲಿದೆ. ಒಬ್ಬ ರೈತನು ಎಷ್ಟೇ ಶ್ರಮಪಟ್ಟರೂ ಕಾವೇರಿಗೆ ಕಟ್ಟೆಯನ್ನು ಕಟ್ಟಲಾರನು. ಆದುದರಿಂದ ಅಲ್ಲಿ ತೆರಿಗೆಯು ಸಾರ್ಥಕ. ಅವನೇ ಮಾಡಿಕೊಳ್ಳಬಲ್ಲ ಕೆಲಸವನ್ನು ಕಸಿದುಕೊಂಡು ದುಪ್ಪಟ್ಟು ವೆಚ್ಚದಲ್ಲಿ ಮಾಡಿದರೆ ಅದು ನಷ್ಟ.

ಹೊರೆಯನ್ನು ಹೊರುವವರಾರು, ಫಲವನ್ನು ಉಣ್ಣುವವರಾರು ಎಂಬ ಪ್ರಶ್ನೆಯೂ ಇದೆ. ನಾಗಮಂಗಲದ ಒಣಭೂಮಿಯ ಒಕ್ಕಲಿಗನೂ ಆ ಬೊಕ್ಕಸಕ್ಕೆ ತೆತ್ತವನೇ; ಕಣ್ಣಂಬಾಡಿಯ ನೀರು ಮಾತ್ರ ಅವನ ಹೊಲಕ್ಕೆ ಹರಿಯಲಿಲ್ಲ. ನೀರು ಬಂದೆಡೆಯಲ್ಲಿ ಭೂಮಿಯ ಬೆಲೆಯೇರಿದ್ದು ಒಡೆಯನ ದುಡಿಮೆಯಿಂದಲ್ಲ. ಆದುದರಿಂದ ಆತನಿಂದ ವಂತಿಗೆಯನ್ನು ಕೇಳುವುದು ನ್ಯಾಯವೇ. ಆದರೆ 1930ರ ದಶಕದ ಆರಂಭದಲ್ಲಿ, ಆಗ ಇರ್ವಿನ್ ನಾಲೆಯೆಂಬ ಹೆಸರಿದ್ದ ಈ ನಾಲೆಯ ರೈತರು ವಂತಿಗೆಯ ವಿರುದ್ಧ ಚಳವಳಿ ಹೂಡಿದುದೂ ಅನ್ಯಾಯವಾಗಿರಲಿಲ್ಲ. ಗದ್ದೆಯನ್ನು ಮಟ್ಟಮಾಡಲು ಸಾಲವಾಗಿತ್ತು; ಲೋಕವನ್ನೆಲ್ಲ ಆವರಿಸಿದ್ದ ಮುಗ್ಗಟ್ಟಿನಿಂದ ಧಾನ್ಯದ ಬೆಲೆ ಕುಸಿದಿತ್ತು. ತತ್ತ್ವವು ಸರಿಯಾಗಿದ್ದರೂ ಕಾಲವು ಸರಿಯಾಗಿರಲಿಲ್ಲ. ಫಲ ಕೈಸೇರುವ ಮೊದಲೇ ಪಾಲು ಕೇಳಿದರೆ ಬಿತ್ತನೆಯ ಬೀಜಕ್ಕೇ ಕುತ್ತು. ತೆರಿಗೆಯನ್ನು ಕೊಡುವವನಿಗೆ ಅನುಕೂಲವಾದ ಕಾಲದಲ್ಲಿ ಪಡೆಯಬೇಕೆಂದು ಆಡಂ ಸ್ಮಿತ್ತನು 1776ರಲ್ಲಿಯೇ ಬರೆದಿದ್ದನು.

ನಮ್ಮ ಹಿಂದಿನವರಿಗೆ ಈ ಮರ್ಮವು ತಿಳಿದಿತ್ತು. ಕೆರೆ ಕಟ್ಟಿಸಿದವನಿಗೆ ಕೊಡಗೆಯ ಭೂಮಿಯನ್ನು ಬಿಡುತ್ತಿದ್ದರು. ಬಿತ್ತುವಟ್ಟವೆಂಬ ಹೆಸರಿನಲ್ಲಿ ಕೆರೆಯ ರಕ್ಷಣೆಗೆಂದೇ ಒಂದು ಪಾಲನ್ನು ಮೀಸಲಿಡುತ್ತಿದ್ದರೆಂದು ಶಾಸನಗಳು ಹೇಳುತ್ತವೆ. ಹೂಳು ತೆಗೆಯುವ ಹಣಕ್ಕಾಗಿ ದೂರದ ಕಚೇರಿಯ ಮುಂದೆ ಕೈಯೊಡ್ಡಿ ನಿಲ್ಲಬೇಕಾಗಿರಲಿಲ್ಲ. ಪಾಂಡವಪುರದ ತೊಣ್ಣೂರು ಕೆರೆಯಂತಹ ಪ್ರಾಚೀನ ಕೆರೆಗಳು ಇಂದಿಗೂ ಕಣ್ಣಿಗೆ ಬೀಳುವುದು ಕಟ್ಟಿದವರ ಪುಣ್ಯದಿಂದ ಮಾತ್ರವಲ್ಲ, ತಲೆತಲಾಂತರದಿಂದ ಕಾಪಾಡಿದವರ ಪುಣ್ಯದಿಂದ.

ಈಗಿನ ಸ್ಥಿತಿಯೇನು? 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಬಂದಿದೆ. ಭೂಮಿಯೇ ಇಲ್ಲದ ಕೂಲಿಯವನೂ ಸಾಬೂನು ಕೊಳ್ಳುವಾಗ, ಚಪ್ಪಲಿ ಕೊಳ್ಳುವಾಗ ತೆರುತ್ತಾನೆ. ತೆರಿಗೆದಾರನಲ್ಲದ ಪ್ರಜೆಯೇ ಇಲ್ಲ. ಹೀಗಿರುವಲ್ಲಿ ವೆಚ್ಚದ ವಿಚಾರವು ಪಂಡಿತರಿಗೆ ಮಾತ್ರ ಸೇರಿದ್ದೆನ್ನಲಾಗದು. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯ ಕಲ್ಲು ಸಿಕ್ಕುತ್ತದೆ, ಹಾರ ಸಿಕ್ಕುತ್ತದೆ. ತೂಬಿನ ದುರಸ್ತಿಗೆ ಹಾರ ಹಾಕುವವರಾರು? ನಾಲೆಯ ಮೊದಲಲ್ಲಿರುವವನು ನೀರನ್ನು ಬೇಕಾದಷ್ಟು ಹಾಯಿಸಿಕೊಂಡರೆ ಕೊನೆಯಲ್ಲಿರುವವನು ಆಕಾಶವನ್ನು ನೋಡುತ್ತಾನೆ. ರೈತರ ಷೇರು ಹಣದಿಂದಲೂ ಸರ್ಕಾರದ ನೆರವಿನಿಂದಲೂ ಬೆಳೆದ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯು ನಷ್ಟಕ್ಕೆ ಸಿಲುಕಿ, ಬಾಗಿಲು ಮುಚ್ಚಿ, ಕಡೆಗೆ 2020ರಲ್ಲಿ 40 ವರ್ಷಗಳ ಗುತ್ತಿಗೆಯ ಮೇಲೆ ಖಾಸಗಿಯವರ ಕೈಸೇರಿತು. ಕಟ್ಟುವುದಕ್ಕೆ ಹಣ ಹೊಂದಿಸಿದ ಮಾತ್ರಕ್ಕೆ ನಡೆಸುವ ಜಾಣ್ಮೆ ಬರುವುದಿಲ್ಲ.

ಆಯವ್ಯಯದ ಪತ್ರಿಕೆಯು ಹೊರಬಿದ್ದಾಗ ನಮ್ಮ ಜನರು ಮೊದಲು ಹುಡುಕುವುದು ಯಾವುದು ಅಗ್ಗವಾಯಿತು, ಯಾವುದು ತುಟ್ಟಿಯಾಯಿತು ಎಂಬುದನ್ನು. ಅಷ್ಟಕ್ಕೇ ನಿಲ್ಲದೆ ಇನ್ನು ಮೂರು ಪ್ರಶ್ನೆಗಳನ್ನೂ ಕೇಳಬೇಕು. ಈ ಹಣವು ನಾಳೆಗೆ ಉಳಿಯುವ ಕೆಲಸಕ್ಕೋ, ಇಂದೇ ಕರಗುವ ವೆಚ್ಚಕ್ಕೋ? ಹಿಂದೆ ಕಟ್ಟಿದ್ದನ್ನು ಕಾಪಾಡಲು ಎಷ್ಟನ್ನು ತೆಗೆದಿರಿಸಿದೆ? ತೆತ್ತವನಿಗೂ ಪಡೆದವನಿಗೂ ನಡುವೆ ನ್ಯಾಯವಿದೆಯೆ? ಬಡವನ ಅನ್ನಕ್ಕೂ ಔಷಧಕ್ಕೂ ಕೊಡುವುದನ್ನು ನಾವು ಕರಗುವ ವೆಚ್ಚವೆನ್ನುವುದಿಲ್ಲ. ದುಡಿಯುವ ಮೈಯನ್ನು ಉಳಿಸುವುದು ಭೂಮಿಯನ್ನು ಉಳಿಸಿದಷ್ಟೇ ದೊಡ್ಡ ಬಂಡವಾಳ. ಆದರೆ ಸಾಲಮಾಡಿ ತಂದು ಆಡಂಬರಕ್ಕೆ ಸುರಿದ ಹಣವನ್ನು ನಮ್ಮ ಮಕ್ಕಳೇ ಬಡ್ಡಿಸಹಿತ ತೀರಿಸಬೇಕಾಗುವುದು.

ನಾಲೆಯಲ್ಲಿ ಬಿರುಕಿದ್ದರೆ ಕಟ್ಟೆ ತುಂಬಿದರೂ ಗದ್ದೆ ಒಣಗುವುದು. ನಡುದಾರಿಯಲ್ಲಿ ಸೋರಿಹೋಗುವ ಬೊಕ್ಕಸದ ಹಣವೂ ಹಾಗೆಯೇ. ಸೋರುವೆಡೆಯನ್ನು ಪತ್ತೆಹಚ್ಚಿ ತೋರಿಸುವುದು ಪ್ರಜೆಗಳ ಕರ್ತವ್ಯ. ಅದನ್ನು ಮುಚ್ಚುವುದು ಸರ್ಕಾರದ ಕರ್ತವ್ಯ. ಪಾಂಡವಪುರದ ಮಹಾಜನರು ತಮ್ಮ ಊರಿನ ಉಪನಾಲೆಯ ಲೆಕ್ಕದಿಂದಲೇ ಈ ಕೆಲಸವನ್ನು ಆರಂಭಿಸಲಿ.