ಎರಡು ಧಡಿ, ಎರಡು ಚಕ್ರ

1874ರಲ್ಲಿ ತೆರೆಯಲ್ಪಟ್ಟ ಆಗ್ರಾ ಕಾಲುವೆಯು ಯಮುನೆಯಿಂದ ಕವಲೊಡೆಯುವ ದಕ್ಷಿಣ ದೆಹಲಿಯ ಓಖ್ಲಾದಲ್ಲಿ, ಕಾರ್ಖಾನೆಗಳೂ ವಸತಿಗಳೂ ಒತ್ತೊತ್ತಾಗಿ ನೆರೆದಿರುವ ಎಡೆಯಲ್ಲಿ, ಒಂದು ಸಬ್ಜಿ ಮಂಡಿ, ಎಂದರೆ ತರಕಾರಿ ಮಾರುಕಟ್ಟೆ, ಇದೆ. ಆ ಮಂಡಿಗೆ ಕಾರನ್ನೇರಿ ಹೊರಟವನು ಲಾರಿ, ಟೆಂಪೊ, ಇ-ರಿಕ್ಷಾಗಳ ಸಂದಣಿಯಲ್ಲಿ ಸಿಲುಕಿ, ಗಾಡಿ ನಿಲ್ಲಿಸಲು ತಾವನ್ನರಸಿ ಬಳಲುವಷ್ಟರಲ್ಲಿ, ಸೈಕಲ್ಲಿನವನು ಬೆಂಡೆಯ ತುದಿ ಮುರಿದು ನೋಡಿ, ಚೌಕಾಸಿಯನ್ನೂ ಮುಗಿಸಿರುತ್ತಾನೆ.

ದೆಹಲಿಯ ಮಂಡಿಗಳ ಲೆಕ್ಕ ಧಡಿಯಲ್ಲಿ. ಒಂದು ಧಡಿಯೆಂದರೆ 5 ಕಿಲೊ. ಆಲೂಗಡ್ಡೆ ಒಂದು ಧಡಿ, ಈರುಳ್ಳಿ ಒಂದು ಧಡಿ. ಈ 10 ಕಿಲೊ ಭಾರವನ್ನು ಹ್ಯಾಂಡಲ್ಲಿಗೆ ತೂಗುಹಾಕಿದಿರೋ, ತಿರುವಿನಲ್ಲಿ ಚೀಲವು ತೊನೆದು ಮುಂದಿನ ಚಕ್ರವನ್ನು ತನ್ನಿಚ್ಛೆಯಂತೆ ಎಳೆಯುವುದು. ಅದನ್ನೇ ಇಬ್ಭಾಗಮಾಡಿ ಹಿಂದಿನ ಕ್ಯಾರಿಯರಿನ ಉಭಯ ಪಾರ್ಶ್ವಗಳಲ್ಲಿ, ನೆಲಕ್ಕೆ ಸಮೀಪವಾಗಿ ಇಳಿಬಿಟ್ಟರೆ, ಗುರುತ್ವಕೇಂದ್ರವು ತಗ್ಗಿ ಸವಾರಿಯು ಸ್ಥಿರವಾಗುವುದು. ಟೊಮ್ಯಾಟೊ ಎಲ್ಲಕ್ಕಿಂತ ಮೇಲಿರಲಿ. ಪದವಿಯ ದೆಸೆಯಿಂದಲ್ಲ, ಮೃದುತ್ವದ ದೆಸೆಯಿಂದ.

ಹತ್ತಿರದ ಮಥುರಾ ರಸ್ತೆಯ ವಾಹನಗಳ ವೇಗವಾಗಲಿ, ಕಾರ್ತಿಕದ ಹೊಗೆಮಂಜಾಗಲಿ ಸೈಕಲ್ಲಿಗೆ ಮಿತ್ರರಲ್ಲವೆಂಬುದನ್ನು ಮರೆಮಾಚಲಾರೆ. ಹೊಗೆ ಕವಿದ ದಿನ ಮನೆಯಲ್ಲಿಯೇ ಇರಿ. ಉಳಿದ ದಿನಗಳಲ್ಲಿ ಒಳದಾರಿಗಳನ್ನು ಹಿಡಿದು ಹೊರಡಿ. ಬಿಗಿಯಲು ಹಗ್ಗವೊಂದನ್ನು ಮಾತ್ರ ಮರೆಯದಿರಿ.