ಒಡವೆ ಒತ್ತೆಯಿಡುವ ಮುನ್ನ

ಬಡವನ ಮನೆಗೆ ಕಾಯಿಲೆ ಬಂದರೆ ಅದರ ಬೆನ್ನಿಗೇ ಸಾಲವೂ ಬರುವುದೆಂಬುದು ಲೋಕಾನುಭವ. ಅದರಲ್ಲಿಯೂ ತಾಯ್ನಾಡನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದು, ಹೋಟೆಲಿನ ಅಡಿಗೆಮನೆಯಲ್ಲಿಯೋ ಕಚೇರಿಯ ಮೇಜಿನ ಮುಂದೆಯೋ ದುಡಿಯುತ್ತಿರುವ ನಮ್ಮವರಿಗೆ ರೋಗದ ಹೆಸರಿಗಿಂತ ಮದ್ದಿನ ಬೆಲೆಯೇ ಹೆಚ್ಚಿನ ಭೀತಿಯನ್ನುಂಟುಮಾಡುತ್ತದೆ. ಹಾಗೆ ಭೀತಿಗೊಳಿಸುವ ಹೆಸರುಗಳಲ್ಲಿ ಹೆಪಟೈಟಿಸ್ ‘ಸಿ’ ಎಂಬುದೊಂದು. ಅದರ ಮದ್ದಿಗೆ ಲಕ್ಷಗಟ್ಟಲೆ ಹಣ ಸುರಿಯಬೇಕೆಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು, ಈಗ ನಿಜವಲ್ಲ. ಈ ವ್ಯತ್ಯಾಸವನ್ನರಿಯದೆ ಯಾರೂ ಹೆಂಡತಿಯ ಒಡವೆಯನ್ನು ಒತ್ತೆಯಿಡಬಾರದು. ಯಾರೂ ಮದ್ದಿನ ಆಸೆಯನ್ನೇ ಬಿಟ್ಟು ಊರಿನ ಬಸ್ಸು ಹತ್ತಬಾರದು.

ಹಡಪಸರವು ಪುಣೆಯ ಮೂಡಣ ಹೆಬ್ಬಾಗಿಲು. ಸೊಲ್ಲಾಪುರದ ಹೆದ್ದಾರಿಯು ಈ ಪೇಟೆಯ ನಡುವೆಯೇ ಹಾಯ್ದು ಹೋಗುತ್ತದೆ. ಅಕ್ಕಲಕೋಟೆ, ವಿಜಯಪುರ, ಕಲಬುರಗಿಗಳ ಕಡೆಯ ಜನರು ಕೆಲಸವನ್ನರಸಿ ಬರುವ ದಾರಿಯೂ ಅದೇ. ೧೯೬೬ರಲ್ಲಿ ಸ್ಥಾಪಿತವಾದ ಸೀರಮ್ ಇನ್‌ಸ್ಟಿಟ್ಯೂಟ್ ಇರುವುದು ಇಲ್ಲಿಯೇ. ಅಲ್ಲಿ ತಯಾರಾಗುವ ಲಸಿಕೆಗಳಲ್ಲಿ ಹೆಪಟೈಟಿಸ್ ‘ಬಿ’ಯ ಲಸಿಕೆಯೂ ಒಂದು. ಆದರೆ ಅದರ ದಾಯಾದಿಯಾದ ‘ಸಿ’ಗೆ ಹಡಪಸರದಲ್ಲಿಯೇ ಏಕೆ, ಜಗತ್ತಿನ ಯಾವ ಮೂಲೆಯಲ್ಲಿಯೂ ಲಸಿಕೆಯಿಲ್ಲ. ಆದಕಾರಣ ಈ ರೋಗಕ್ಕೆ ಸಿಕ್ಕಿದವನಿಗೆ ಗುಳಿಗೆಯೊಂದೇ ಗತಿ. ಆ ಗುಳಿಗೆ ಅವನ ಕೈಗೆಟಕುವುದೋ ಇಲ್ಲವೋ ಎಂಬುದೇ ಜೀವನ್ಮರಣದ ಪ್ರಶ್ನೆ.

ಈ ರೋಗಾಣುವನ್ನು ಗುರುತಿಸಿದುದು ೧೯೮೯ರಲ್ಲಿ. ಆ ಶೋಧಕ್ಕಾಗಿ ಹಾರ್ವಿ ಆಲ್ಟರ್, ಮೈಕೇಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರು ವಿಜ್ಞಾನಿಗಳಿಗೆ ೨೦೨೦ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಯಕೃತ್ತಿನಲ್ಲಿ ಮನೆಮಾಡಿಕೊಂಡ ಈ ರೋಗಾಣು ಹತ್ತಿಪ್ಪತ್ತು ವರ್ಷಗಳವರೆಗೆ ಯಾವ ಸುಳಿವನ್ನೂ ಕೊಡದೆ ಇರಬಲ್ಲದು. ಮೈಯಲ್ಲಿ ನೋವಿಲ್ಲ, ಜ್ವರವಿಲ್ಲ. ಒಳಗೊಳಗೇ ಯಕೃತ್ತು ಗಡಸಾಗುತ್ತ ಹೋಗಿ, ಕಡೆಗೆ ಹೊಟ್ಟೆಯಲ್ಲಿ ನೀರು ತುಂಬಿದಾಗಲೋ ರಕ್ತವಾಂತಿಯಾದಾಗಲೋ ಸಂಗತಿ ಬಯಲಾಗುತ್ತದೆ. ಕೆಲವರಿಗೆ ಅರ್ಬುದವೂ ಆಗುವುದುಂಟು. ಆದುದರಿಂದ ರಕ್ತದಾನದ ವೇಳೆಗೋ ಶಸ್ತ್ರಕ್ರಿಯೆಗೆ ಮುಂಚಿನ ತಪಾಸಣೆಯಲ್ಲೋ ಇದರ ಹೆಸರು ಕೇಳಿಬಂದವನು, ‘ನಾನು ಗಟ್ಟಿಮುಟ್ಟಾಗಿದ್ದೇನಲ್ಲ’ ಎಂದು ಚೀಟಿಯನ್ನು ಟ್ರಂಕಿನಲ್ಲಿ ಹಾಕಿ ಮರೆಯುವುದು ತರವಲ್ಲ.

ಹೋಟೆಲಿನ ಬಂಧುಗಳೂ ಮಾಲಿಕರೂ ವಿಶೇಷವಾಗಿ ತಿಳಿಯಬೇಕಾದ ಮಾತೊಂದಿದೆ. ಅರಿಶಿನ ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸುಗಳೆಲ್ಲವೂ ಒಂದೇ ಅಲ್ಲ. ‘ಎ’ ಮತ್ತು ‘ಇ’ ಎಂಬವು ಕೊಳೆನೀರಿನಿಂದಲೂ ಕಲುಷಿತ ಆಹಾರದಿಂದಲೂ ಹರಡುವಂಥವು. ‘ಸಿ’ ಹರಡುವುದು ರಕ್ತದಿಂದ ರಕ್ತಕ್ಕೆ. ಕುದಿಸದ ಸೂಜಿ, ಶುದ್ಧಮಾಡದ ಹಚ್ಚೆಯ ಮೊನೆ, ಪರೀಕ್ಷೆಯಿಲ್ಲದೆ ಕೊಟ್ಟ ರಕ್ತ, ಒಬ್ಬರದನ್ನೊಬ್ಬರು ಬಳಸುವ ಕ್ಷೌರದ ಬ್ಲೇಡು ಇವುಗಳೇ ಅದರ ವಾಹನಗಳು. ಬಡಿಸಿದ ಅನ್ನದಿಂದಾಗಲಿ, ತೊಳೆದ ಲೋಟದಿಂದಾಗಲಿ, ಒಂದೇ ಪಂಕ್ತಿಯಲ್ಲಿ ಕುಳಿತುಂಡುದರಿಂದಾಗಲಿ ಅದು ಅಂಟದು. ಹೀಗಿರಲು ‘ಸಿ’ ಎಂಬ ಒಂದಕ್ಷರವನ್ನು ಕಂಡೊಡನೆ ಅಡಿಗೆಯವನನ್ನೋ ಮಾಣಿಯನ್ನೋ ಲೆಕ್ಕ ಚುಕ್ತಾಮಾಡಿ ಕಳುಹಿಸುವುದು ಅನ್ಯಾಯವೂ ಹೌದು, ಅಜ್ಞಾನವೂ ಹೌದು. ಹೋಟೆಲಿನ ಅಟ್ಟದ ಕೋಣೆಯಲ್ಲಿ ಹತ್ತು ಮಂದಿ ಒಟ್ಟಿಗೆ ಮಲಗುವುದರಿಂದ ಅಪಾಯವಿಲ್ಲ; ಹತ್ತು ಮಂದಿಗೆ ಒಂದೇ ಬ್ಲೇಡು ಇದ್ದರೆ ಅಪಾಯವುಂಟು.

ಇನ್ನು ಬೆಲೆಯ ಕಥೆ. ಮೊದಲು ಈ ರೋಗಕ್ಕೆ ಇಂಟರ್‌ಫೆರಾನ್ ಎಂಬ ಸೂಜಿಮದ್ದನ್ನು ಆರು ತಿಂಗಳೋ ವರ್ಷವೋ ಚುಚ್ಚಿಸಿಕೊಳ್ಳಬೇಕಾಗಿತ್ತು. ಅಷ್ಟು ಬಳಲಿದ ಮೇಲೆಯೂ ಅನೇಕರಿಗೆ ಗುಣವಾಗುತ್ತಿರಲಿಲ್ಲ. ೨೦೧೩ರ ಡಿಸೆಂಬರದಲ್ಲಿ ಅಮೆರಿಕೆಯ ಗಿಲಿಯಡ್ ಕಂಪನಿಯು ಸೊಫೊಸ್ಬುವಿರ್ ಎಂಬ ಗುಳಿಗೆಯನ್ನು ಪೇಟೆಗೆ ತಂದಿತು. ದಿನಕ್ಕೊಂದು ಗುಳಿಗೆ, ಗುಳಿಗೆಯೊಂದಕ್ಕೆ ಸಾವಿರ ಡಾಲರು. ೮೪ ದಿನಗಳ ಚಿಕಿತ್ಸೆಗೆ ೮೪ ಸಾವಿರ ಡಾಲರು, ಎಂದರೆ ಅಂದಿನ ವಿನಿಮಯದಂತೆ ಐವತ್ತು ಲಕ್ಷ ರೂಪಾಯಿಗೂ ಮಿಕ್ಕಿದ ಹಣ. ಆದರೆ ಅಷ್ಟೂ ಗುಳಿಗೆಗಳನ್ನು ತಯಾರಿಸಲು ೬೮ರಿಂದ ೧೩೬ ಡಾಲರು ಸಾಕೆಂದು ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೪ರಲ್ಲಿ ಲೆಕ್ಕಹಾಕಿ ತೋರಿಸಿದರು. ಜನರು ತೆರುತ್ತಿದ್ದ ಬೆಲೆಯ ಬಹುಪಾಲು ಗುಳಿಗೆಯೊಳಗಿನ ಪದಾರ್ಥದ್ದಲ್ಲ, ಅದರ ಮೇಲಿನ ಹಕ್ಕಿನದು ಎಂಬುದು ಇದರಿಂದ ಸ್ಪಷ್ಟ.

ನಮ್ಮ ದೇಶದಲ್ಲಿ ಆ ಹಕ್ಕನ್ನು ಪ್ರಶ್ನಿಸಿ ರೋಗಿಗಳ ಸಂಘಟನೆಗಳೂ ಔಷಧ ತಯಾರಕರೂ ಪೇಟೆಂಟ್ ಕಚೇರಿಯಲ್ಲಿ ತಕರಾರು ಹೂಡಿದರು. ೨೦೧೪ರ ಸೆಪ್ಟೆಂಬರದಲ್ಲಿ ಗಿಲಿಯಡ್ ಕಂಪನಿಯು ಏಳು ಕಂಪನಿಗಳಿಗೆ ಭಾರತದಲ್ಲಿ ತಯಾರಿಸುವ ಪರವಾನಿಗೆ ಕೊಟ್ಟಿತು. ೨೦೧೫ರ ಜನವರಿಯಲ್ಲಿ ಅದರ ಪೇಟೆಂಟ್ ಅರ್ಜಿ ತಿರಸ್ಕೃತವಾಯಿತು. ೨೦೧೬ರ ಮೇ ತಿಂಗಳಲ್ಲಿ ಮಂಜೂರಾಯಿತು. ಅಷ್ಟರೊಳಗೆ ನಮ್ಮ ಕಾರ್ಖಾನೆಗಳಲ್ಲಿ ಗುಳಿಗೆ ತಯಾರಾಗತೊಡಗಿತ್ತು. ಹೈದರಾಬಾದಿನ ನ್ಯಾಟ್ಕೊ ಕಂಪನಿಯು ೨೦೧೫ರಲ್ಲಿ ೨೮ ಗುಳಿಗೆಗಳ ಶೀಶೆಗೆ ೧೯,೯೦೦ ರೂಪಾಯಿ ಬೆಲೆಯಿಟ್ಟಿತು. ಐವತ್ತು ಲಕ್ಷವು ಅರುವತ್ತು ಸಾವಿರಕ್ಕೆ ಇಳಿಯಿತು. ಆದರೂ ತಿಂಗಳ ಸಂಬಳವನ್ನು ಎಣಿಸಿ ಊರಿಗೆ ಕಳುಹಿಸುವವನಿಗೆ ಅರುವತ್ತು ಸಾವಿರವೂ ಬೆಟ್ಟವೇ. ೨೦೧೬ರಲ್ಲಿ ಪಂಜಾಬ ಸರಕಾರವು ತನ್ನ ಪ್ರಜೆಗಳಿಗೆ ಈ ಮದ್ದನ್ನು ಧರ್ಮಾರ್ಥವಾಗಿ ಕೊಡತೊಡಗಿತು. ೨೦೧೮ರ ಜುಲೈ ೨೮ರಂದು ಕೇಂದ್ರ ಸರಕಾರವು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ, ಪರೀಕ್ಷೆ ಮತ್ತು ಮದ್ದು ಎರಡನ್ನೂ ಇಡೀ ದೇಶಕ್ಕೆ ಉಚಿತಗೊಳಿಸಿತು.

ಹಾಗಾದರೆ ಹಡಪಸರದ ನಮ್ಮವನು ಮಾಡಬೇಕಾದುದೇನು? ಪುಣೆ ರೈಲು ನಿಲ್ದಾಣದ ಸಮೀಪದಲ್ಲಿರುವ ಸಸೂನ್ ಸರಕಾರಿ ಆಸ್ಪತ್ರೆಗೆ ಹೋಗಿ, ಹೆಪಟೈಟಿಸ್ ಕಾರ್ಯಕ್ರಮದ ಮದ್ದು ಎಲ್ಲಿ ದೊರೆಯುವುದೆಂದು ಹೆಸರು ಹಿಡಿದೇ ವಿಚಾರಿಸಬೇಕು. ಗುರುತಿನ ಚೀಟಿಯನ್ನೂ ಹಿಂದಿನ ಪರೀಕ್ಷೆಗಳ ಕಾಗದಗಳನ್ನೂ ಕೈಯಲ್ಲಿಟ್ಟುಕೊಂಡಿರಬೇಕು. ಊರಿನಿಂದ ಹೊಸದಾಗಿ ಬಂದವನಾದರೆ ಮರಾಠಿ ಬಲ್ಲ ಗೆಳೆಯನೊಬ್ಬನನ್ನು ಜೊತೆಗೆ ಕರೆದೊಯ್ಯುವುದು ಒಳಿತು. ಸಂಬಳದಲ್ಲಿ ಇ. ಎಸ್. ಐ. ವಂತಿಗೆ ಕಡಿತವಾಗುತ್ತಿದ್ದವರಿಗೆ ಬಿಬವೇವಾಡಿಯಲ್ಲಿ ಅದರದೇ ಆಸ್ಪತ್ರೆಯುಂಟು. ವೈದ್ಯರು ವಿಶ್ರಾಂತಿ ವಿಧಿಸಿದಲ್ಲಿ, ನಿಯಮಗಳಿಗೊಳಪಟ್ಟು, ವರ್ಷಕ್ಕೆ ೯೧ ದಿನಗಳವರೆಗೆ ಕೂಲಿಯ ನೂರಕ್ಕೆ ೭೦ರಷ್ಟು ಹಣವನ್ನು ಪಡೆಯುವ ಹಕ್ಕೂ ಅವರಿಗಿದೆ.

ಪರೀಕ್ಷೆ ಎರಡು ಬಗೆಯದು. ಮೊದಲನೆಯದು ರೋಗಾಣು ಎಂದಾದರೂ ದೇಹವನ್ನು ಹೊಕ್ಕಿತ್ತೇ ಎಂಬುದನ್ನು ಮಾತ್ರ ಹೇಳುತ್ತದೆ. ಸೋಂಕು ತಗಲಿದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿಯ ದೇಹವು ಆರು ತಿಂಗಳೊಳಗೆ ಅದನ್ನು ತಾನಾಗಿಯೇ ಹೊರದೂಡುವುದುಂಟು. ಅಂಥವರಿಗೆ ಮದ್ದೇ ಬೇಡ. ರೋಗಾಣು ಈಗಲೂ ಇದೆಯೇ ಎಂಬುದನ್ನು ಹೇಳುವುದು ಎರಡನೆಯ ಪರೀಕ್ಷೆ. ಅದಾಗದೆ ಮದ್ದಿಗಾಗಿ ಒಂದು ಕಾಸನ್ನೂ ಯಾರೂ ವ್ಯಯಮಾಡಬಾರದು.

ರೋಗ ನಿಶ್ಚಯವಾದರೆ, ಯಕೃತ್ತು ಇನ್ನೂ ಗಡಸಾಗದವರಿಗೆ ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ ಎಂಬೆರಡು ಗುಳಿಗೆಗಳನ್ನು ಸಾಮಾನ್ಯವಾಗಿ ೧೨ ವಾರ ಕೊಡುತ್ತಾರೆ. ಗಡಸಾದವರಿಗೆ ಬೇರೆ ಜೋಡಣೆಯುಂಟು, ಕೆಲವರಿಗೆ ಅವಧಿಯೂ ಹೆಚ್ಚು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ಅವರಲ್ಲಿ ಬಹುಮಂದಿ ಕೆಲಸ ಬಿಡಬೇಕಾದ ಪ್ರಮೇಯವೂ ಬರುವುದಿಲ್ಲ. ಆದರೆ ಹೃದಯಕ್ಕೋ ಕ್ಷಯಕ್ಕೋ ಬೇರೆ ಮದ್ದು ನಡೆಯುತ್ತಿದ್ದರೆ ಮುಂಚಿತವಾಗಿಯೇ ವೈದ್ಯರಿಗೆ ತಿಳಿಸಬೇಕು. ಅವುಗಳಲ್ಲಿ ಕೆಲವು ಈ ಗುಳಿಗೆಗಳೊಡನೆ ಹೊಂದುವುದಿಲ್ಲ. ನೆಲನೆಲ್ಲಿಯ ರಸದಿಂದಲೇ ವಾಸಿಯಾದೀತೆಂದು ನಂಬಿ ಕಾಲಹರಣಮಾಡುವುದೂ, ನಡುವೆ ಊರಿನ ಜಾತ್ರೆಗೆ ಹೊರಟು ಗುಳಿಗೆ ತಪ್ಪಿಸುವುದೂ ಸಲ್ಲದು. ಊರಿಗೆ ಹೋಗಲೇಬೇಕಾದರೆ ಆಸ್ಪತ್ರೆಯವರೊಡನೆ ಮೊದಲೇ ಮಾತಾಡಿಕೊಳ್ಳಬೇಕು. ಈ ಕಾರ್ಯಕ್ರಮ ಕರ್ನಾಟಕದಲ್ಲಿಯೂ ಇದೆ. ಮದ್ದು ಮುಗಿದ ೧೨ ವಾರಗಳ ತರುವಾಯ ಮತ್ತೊಂದು ರಕ್ತಪರೀಕ್ಷೆ ಮಾಡಿಸಿಕೊಂಡಲ್ಲದೆ ಗುಣವಾಯಿತೆಂದು ತಿಳಿಯಬಾರದು.

ಸರಕಾರಿ ಆಸ್ಪತ್ರೆಯೆಂದರೆ ಸಾಲುಗಟ್ಟಿ ನಿಲ್ಲಬೇಕು, ಒಂದು ದಿನದ ಸಂಬಳ ಹೋಗುತ್ತದೆ ಎಂಬ ಅಳುಕು ಸಹಜವೇ. ಒಂದೆರಡು ದಿನದ ಸಂಬಳ ಹೋದೀತು. ಉಳಿಯುವುದು ಯಕೃತ್ತು, ಅದರೊಡನೆ ಮನೆಯವರ ಒಡವೆ. ಮಾಲಿಕರು ಆ ಒಂದು ದಿನದ ರಜೆಯನ್ನು ಸಂಬಳ ಸಹಿತ ಕೊಟ್ಟರೆ ಅವರ ಗಲ್ಲಾಪೆಟ್ಟಿಗೆಯೇನೂ ಬರಿದಾಗದು. ಓದು ಬರಹ ಬಲ್ಲ ಗುಮಾಸ್ತ ಬಂಧುಗಳು ತಮ್ಮ ಓಣಿಯ ಹೋಟೆಲಿನ ಹುಡುಗರಿಗೆ ಇದನ್ನು ಓದಿ ಹೇಳಿ, ಕಾಗದಪತ್ರಗಳ ಕೆಲಸದಲ್ಲಿ ನೆರವಾಗಲಿ. ಮದ್ದು ಉಚಿತವಾಗಿ ಇಷ್ಟು ವರ್ಷಗಳಾದುವು. ಅದನ್ನು ಕೇಳಿ ಪಡೆಯುವವರು ಬೇಕು.